ದಿನಾ ತೊಳೀತೀನಿ, ಆದ್ರೂ ಕೋಳಿಗೂಡಿನ ನಾತ ಹೋಗ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಸರ್ ನಮಸ್ತೆ. ಮೈಸೂರಿನ ಹೊರಗೆ ಹೊಸ ಲೇಔಟಲ್ಲಿ ನಮ್ಮನೆ. ಹಿತ್ತಲಲ್ಲಿ ಎಂಟಡಿ ಹತ್ತಡಿ ಜಾಗಕ್ಕೆ ಮೆಶ್ ಹಾಕ್ಸಿ 14 ಕೋಳಿ ಸಾಕಿದೀವಿ, 9 ಗಿರಿರಾಜ 5 ನಾಟಿ, ಅದರಲ್ಲಿ ಮೂರು ಹುಂಜ. ಒಳಗೆ ನಾಲ್ಕಡಿ ಆರಡಿ ಸಿಮೆಂಟ್ ನೆಲದ ಗೂಡಿದೆ, ಉಳಿದದ್ದು ಮಣ್ಣು. ದಿನಾ ಬೆಳಿಗ್ಗೆ ಪೈಪ್ ಹಿಡಿದು ತೊಳೀತೀನಿ, ಫಿನಾಯಿಲ್ ಹಾಕ್ತೀನಿ, ವಾರಕ್ಕೊಂದ್ಸಲ ಸುಣ್ಣ ಉದುರಿಸ್ತೀನಿ. ಮಳೆ ಶುರುವಾದಾಗಿಂದ ಸುತ್ತಲೂ ನೀಲಿ ಟಾರ್ಪಾಲ್ ಕಟ್ಟಿದೀವಿ. ಆದ್ರೂ ಗಬ್ಬು ನಾತ, ಕಣ್ಣು ಉರಿ. ಪೂರ್ವದ ಕಡೆ ಮನೆ ಆಂಟಿ ಮಾತಾಡ್ಸೋದೇ ಬಿಟ್ಟಿದಾರೆ. ನಮ್ಮತ್ತೆ ಕೋಳಿ ಎಲ್ಲಾ ಮಾರ್ಬಿಡಿ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ನೋಡೀಮ್ಮ, ಮೊದಲು ಆ ಪೈಪ್ ಸುತ್ತಿ ಒಳಗಿಡಿ. ಇದನ್ನ ಹೇಳಿದ್ರೆ ಎಲ್ಲರಿಗೂ ಸ್ವಲ್ಪ ಬೇಜಾರಾಗತ್ತೆ, ಪಾಪ ಬೆಳಿಗ್ಗೆ ಎದ್ದು ಮೂಗು ಮುಚ್ಕೊಂಡು ಕಷ್ಟಪಟ್ಟು ತೊಳ್ದಿರ್ತಾರೆ, ಅದೇ ತಪ್ಪು ಅಂದ್ರೆ ಹೇಗಾಗಬೇಡ. ಆದ್ರೆ ನಿಮ್ಮ ಕೇಸಲ್ಲಿ ನಾತ ಬರ್ತಿರೋದು ಕೊಳಕಿಂದ ಅಲ್ಲ, ನೀರಿಂದ. ನೀವು ಬರೆದಿರೋ ನಾಲ್ಕು ಕೆಲಸ, ತೊಳೆಯೋದು, ಫಿನಾಯಿಲ್, ಸುಣ್ಣ, ಟಾರ್ಪಾಲ್, ನಾಲ್ಕೂ ನಾತ ಜಾಸ್ತಿ ಮಾಡೋವೇ. ನಾನು ಇಪ್ಪತ್ತೈದು ವರ್ಷದಿಂದ ಕೋಳಿ ಸಾಕ್ತಿದೀನಿ, ಬೇರೆಯವರ ಶೆಡ್‌ಗಳಿಗೂ ಹೋಗಿ ನೋಡ್ತೀನಿ, ಮಳೆಗಾಲದಲ್ಲಿ ಬರೋ ಹತ್ತು ಫೋನಲ್ಲಿ ಏಳೆಂಟು ಇದೇ ಕಥೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಅರ್ಥ ಆದ್ರೆ ಉಳಿದದ್ದು ನೀವೇ ಮಾಡ್ಕೋತೀರಿ. ಕೋಳಿ ಬೇರೆ ಪ್ರಾಣಿ ತರ ಉಚ್ಚೆ ಬೇರೆ ಹುಯ್ಯಲ್ಲ. ಹಿಕ್ಕೆ ಮೇಲೆ ಬಿಳಿ ಟೋಪಿ ಇಟ್ಟಂಗೆ ಇರತ್ತಲ್ಲ, ಅದೇ ಅದರ ಉಚ್ಚೆ, ಯೂರಿಕ್ ಆಸಿಡ್ ಅಂತಾರೆ. ಅದು ಒಣಗಿದ್ರೆ ಸುಣ್ಣದ ಪುಡಿ ತರ ಸುಮ್ನೆ ಬಿದ್ದಿರತ್ತೆ, ವಾಸನೆ ಇಲ್ಲ ಏನಿಲ್ಲ. ಒದ್ದೆ ಆಯ್ತೋ, ಬ್ಯಾಕ್ಟೀರಿಯಾ ಎದ್ದು ಕೂತು ಅದನ್ನ ಅಮೋನಿಯಾ ಮಾಡ್ತವೆ. ನಿಮ್ಮ ಕಣ್ಣು ಉರಿಸೋ ಘಾಟು ಅದೇ. ಈಗ ಲೆಕ್ಕ ಹಾಕಿ, ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕತ್ತೆ, ನಿಮ್ಮ 14ಕ್ಕೆ ದಿನಕ್ಕೆ ಒಂದೂವರೆ ಕೆಜಿ ಹತ್ತಿರ, ತಿಂಗಳಿಗೆ 40 ಕೆಜಿ ಮೇಲೆ. ಹಸಿ ಹಿಕ್ಕೆಲಿ ಮುಕ್ಕಾಲು ಪಾಲು ನೀರೇ. ಅಂದ್ರೆ ತಿಂಗಳಿಗೆ 30 ಲೀಟರ್ ನೀರನ್ನ ಕೋಳಿಗಳೇ ಆ ಜಾಗಕ್ಕೆ ಸುರೀತಿವೆ, ಅದನ್ನ ಒಣಗಿಸೋದೇ ದೊಡ್ಡ ಕೆಲಸ, ಅದರ ಮೇಲೆ ನೀವು ದಿನಾ ಪೈಪಲ್ಲಿ ಇನ್ನಷ್ಟು ಹಾಕ್ತಿದೀರಿ. ಸಿಮೆಂಟ್ ಮೇಲಿಂದ ತೊಳೆದ ನೀರು ಎಲ್ಲಿಗೆ ಹೋಗತ್ತೆ? ಪಕ್ಕದ ಮಣ್ಣಿಗೆ. ಆ ಮಣ್ಣನ್ನ ಒಂದು ಕೋಲಲ್ಲಿ ಕೆದಕಿ ನೋಡಿ, ಕಪ್ಪಗೆ ಚರಂಡಿ ಕೆಸರಿನಂಗೆ ಇರತ್ತೆ. ನಾತದ ಗೂಡು ಅಲ್ಲಿದೆ.

ಸುಣ್ಣದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ದೊಡ್ಡ ಫಾರ್ಮ್‌ನವರೂ ಎಡವ್ತಾರೆ. ಅಮೋನಿಯಾ ಹುಳಿ ಇರೋ ಕಡೆ ಕಟ್ಟಾಕಿದಂಗೆ ಇರತ್ತೆ, ಕ್ಷಾರ ಸಿಕ್ಕಿದ ತಕ್ಷಣ ಗಾಳಿಗೆ ಹಾರತ್ತೆ. ಸುಣ್ಣ ಕ್ಷಾರ. ಒದ್ದೆ ಹಿಕ್ಕೆ ಮೇಲೆ ಸುಣ್ಣ ಉದುರಿಸಿದ್ರೆ ಒಳಗಿದ್ದ ಅಮೋನಿಯಾ ಎಲ್ಲಾ ಒಂದೇ ಸಲ ಮೇಲೆ ಬರತ್ತೆ. ನೀವು ಸುಣ್ಣ ಹಾಕಿದ ದಿನ ಸಂಜೆ ನಾತ ಜಾಸ್ತಿ ಇರತ್ತೋ ಇಲ್ವೋ ನೆನಪು ಮಾಡ್ಕೊಳ್ಳಿ. ಒಲೆ ಬೂದಿನೂ ಹಂಗೇ, ಅದೂ ಕ್ಷಾರವೇ, ಹಳ್ಳಿಲಿ ಎಲ್ಲರೂ ಬೂದಿ ಹಾಕ್ತಾರೆ ಅಂತ ನೀವೂ ಒದ್ದೆ ನೆಲಕ್ಕೆ ಹಾಕ್ಬೇಡಿ. ಹಂಗಂತ ಸುಣ್ಣ ಬೇಡ್ವೇ ಬೇಡ ಅಂತಲ್ಲ. ಗೂಡು ಪೂರ್ತಿ ಖಾಲಿ ಮಾಡಿದಾಗ, ಕೋಳಿ ಹೊರಗಿದ್ದಾಗ, ನೆಲ ಗೋಡೆಗೆಲ್ಲಾ ಸುಣ್ಣ ಬಳೀರಿ, ಒಣಗಿದ ಮೇಲೆ ಹೊಸ ಹೊಟ್ಟು ಹಾಕಿ, ರೋಗಾಣುಗೆ ಅದಕ್ಕಿಂತ ಅಗ್ಗದ ಮದ್ದಿಲ್ಲ.

ಫಿನಾಯಿಲ್ ಬಗ್ಗೆ ಜಾಸ್ತಿ ಹೇಳಲ್ಲ, ನಾತದ ಮೇಲೆ ಇನ್ನೊಂದು ನಾತ ಅಷ್ಟೆ, ಅದರ ಆವಿ ಕೋಳಿ ಉಸಿರಿಗೆ ಒಳ್ಳೇದಲ್ಲ, ನೆಲದಲ್ಲಿ ನಿಂತ ಫಿನಾಯಿಲ್ ನೀರನ್ನೂ ಕುಡೀತವೆ ಅವು. ಒಂದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಯಾರೋ ಹೇಳಿದ್ರು ಅಂತ ಬ್ಲೀಚಿಂಗ್ ಪೌಡರ್ ಮಾತ್ರ ಹಸಿ ಹಿಕ್ಕೆ ಮೇಲೆ ಎರಚಬೇಡಿ. ಬ್ಲೀಚಿಂಗೂ ಅಮೋನಿಯಾನೂ ಸೇರಿದ್ರೆ ವಿಷದ ಗಾಳಿ ಹುಟ್ಟತ್ತೆ, ಟಾರ್ಪಾಲ್ ಕಟ್ಟಿರೋ ಸಣ್ಣ ಜಾಗದಲ್ಲಿ ಕೋಳಿಗೂ ಅಪಾಯ, ಬಗ್ಗಿ ನಿಂತಿರೋ ನಿಮಗೂ ಅಪಾಯ.

ಟಾರ್ಪಾಲ್. ಮಳೆ ಒಳಗೆ ಬರಬಾರದು ಅಂತ ಕಟ್ಟಿದೀರಿ, ಸರಿ. ಆದ್ರೆ ಸುತ್ತಲೂ ನೆಲದಿಂದ ಮಾಡಿನ ತನಕ ಕಟ್ಟಿದ್ರೆ ಒಳಗಿನ ತೇವ ಹೊರಗೆ ಹೋಗಕ್ಕೆ ದಾರಿ ಎಲ್ಲಿ? ಇಡ್ಲಿ ಪಾತ್ರೆ ಮುಚ್ಚಳ ಮುಚ್ಚಿದಂಗೆ. ಬೆಳಿಗ್ಗೆ ಟಾರ್ಪಾಲ್ ಒಳಗಡೆ ಕೈಯಾಡ್ಸಿ, ಹನಿ ಹನಿ ನೀರಿರತ್ತೆ, ಅದೆಲ್ಲಾ ಕೋಳಿ ಉಸಿರು ಮತ್ತೆ ಹಿಕ್ಕೆ ನೀರು. ಆಮೇಲೆ ಇನ್ನೊಂದು, ನಾತ ಇದೆಯಾ ಅಂತ ನಾವು ನಿಂತ್ಕೊಂಡು ನೋಡ್ತೀವಿ, ಕೋಳಿ ಮೂಗು ಇರೋದು ನೆಲದಿಂದ ಒಂದಡಿ ಮೇಲೆ. ನಾಳೆ ಬೆಳಿಗ್ಗೆ ಬಾಗ್ಲು ತೆಗೆದ ತಕ್ಷಣ ಒಳಗೆ ಕುಕ್ಕರಗಾಲಲ್ಲಿ ಕೂತು ಒಂದು ನಿಮಿಷ ಉಸಿರಾಡಿ. ನಿಮಗೆ ಕಣ್ಣು ಉರಿ ಬಂತು ಅಂದ್ರೆ ಅವು ರಾತ್ರಿಯೆಲ್ಲಾ ಅದೇ ಗಾಳಿಲಿ ಇದ್ವು. ಗಾಳಿಲಿ ಅಮೋನಿಯಾ 25 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲು ಗಾಳಿಗೆ 25 ಪಾಲು, ದಾಟಬಾರದು ಅಂತಾರೆ, ನಮ್ಮ ಹತ್ರ ಮೀಟರ್ ಇಲ್ಲ, ಮೂಗೇ ಮೀಟರ್. ಆದ್ರೆ ದಿನಾ ಅದರಲ್ಲೇ ಓಡಾಡಿದ್ರೆ ಮೂಗಿಗೆ ಅಭ್ಯಾಸ ಆಗ್ಬಿಡತ್ತೆ, ಅದಕ್ಕೇ ಆಂಟಿಗೆ ಮೊದಲು ಗೊತ್ತಾಗೋದು, ನಿಮಗೆ ಆಮೇಲೆ. ಜಾಸ್ತಿ ದಿನ ಹಂಗೇ ಇದ್ರೆ ಕೋಳಿ ಕಣ್ಣಲ್ಲಿ ನೀರು, ನೊರೆ, ಗೊರಗೊರ ಸದ್ದು, ಆಮೇಲೆ ಸಿಆರ್‌ಡಿ ಅನ್ನೋ ಉಸಿರಿನ ಕಾಯಿಲೆ. ಶ್ವಾಸನಾಳದ ಒಳಗೆ ಧೂಳು ತಳ್ಳೋ ಸಣ್ಣ ಕೂದಲು ಇರ್ತವೆ, ಅಮೋನಿಯಾ ಅದನ್ನ ಹಾಳು ಮಾಡತ್ತೆ, ಆಮೇಲೆ ಬಂದ ರೋಗಕ್ಕೆಲ್ಲಾ ಬಾಗ್ಲು ತೆರೆದಂಗೆ.

ಆಂಟಿ ಮನೆ ಪೂರ್ವಕ್ಕೆ ಅಂದ್ರಲ್ಲ, ಅದೂ ಸುಮ್ನೆ ಅಲ್ಲ. ಆಷಾಢದ ಗಾಳಿ ಬೀಸೋದೇ ಪಶ್ಚಿಮದಿಂದ, ಮೈಸೂರು ಕಡೆ ಹೆಂಗೆ ಬೀಸತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಜೂನಿಂದ ಸೆಪ್ಟೆಂಬರ್ ತನಕ ನಿಮ್ಮ ಗೂಡಿನ ವಾಸನೆ ನೆಟ್ಟಗೆ ಅವರ ಅಡುಗೆಮನೆ ಕಿಟಕಿಗೆ. ನವೆಂಬರ್ ಮೇಲೆ ಗಾಳಿ ಆ ಕಡೆಯಿಂದ ತಿರುಗತ್ತೆ, ಆವಾಗ ನಿಮ್ಮತ್ತೆಗೆ ಬರತ್ತೆ.

ಸರಿ, ಈಗ ಏನ್ ಮಾಡ್ಬೇಕು. ಮಳೆ ಬಿಟ್ಟಿರೋ ಒಂದೆರಡು ದಿನ ನೋಡ್ಕೊಂಡು ಶುರು ಮಾಡಿ. ಸಿಮೆಂಟ್ ಗೂಡನ್ನ ಸಲಾಕೆಲಿ ಕೆರೆದು ಗುಡಿಸಿ, ಕೊನೇ ಸಲ ಬೇಕಾದ್ರೆ ತೊಳೀರಿ, ಸುಣ್ಣ ಬಳೀರಿ, ಪೂರ್ತಿ ಒಣಗ್ಲಿ. ಪೂರ್ತಿ ಅಂದ್ರೆ ಪೂರ್ತಿ, ಅಂಗೈ ಇಟ್ರೆ ತಣ್ಣಗೆ ಅನ್ನಿಸಬಾರದು. ಆಮೇಲೆ ನಾಲ್ಕಿಂಚು ದಪ್ಪ ಭತ್ತದ ಹೊಟ್ಟು ಹಾಸಿ. ನಿಮ್ಮ ನಾಲ್ಕಡಿ ಆರಡಿಗೆ ಎರಡು ಮೂರು ಚೀಲ ಸಾಕು. ಮೈಸೂರು ಮಂಡ್ಯ ಕಡೆ ರೈಸ್‌ಮಿಲ್ಲಿಗೆ ಬರವಿಲ್ಲ, ಹೊಟ್ಟು ಕೇಳಿ, ತೌಡು ಅಲ್ಲ, ತೌಡು ಹಾಸಿದ್ರೆ ಎರಡು ದಿನಕ್ಕೆ ಹುಳಿ ಹಿಡಿಯತ್ತೆ. ಕೊಡಗು ಸಕಲೇಶಪುರ ಕಡೆಯವರು ಕಾಫಿ ಸಿಪ್ಪೆ ಹಾಕ್ತಾರೆ, ಪಾವಗಡ ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ, ಎರಡೂ ಆಗತ್ತೆ, ಬೂಷ್ಟು ಹಿಡಿದಿರಬಾರದು ಅಷ್ಟೆ. ತೆಂಗಿನ ನಾರಿನ ಪುಡಿ ಸಿಗತ್ತೆ ಅಂತ ಕೆಲವರು ಹಾಕ್ತಾರೆ, ನೀರು ಹೀರ್ಕೊಳ್ಳತ್ತೆ ನಿಜ, ಆದ್ರೆ ಹಿಡ್ಕೊಂಡು ಬಿಡಲ್ಲ, ಮಳೆಗಾಲದಲ್ಲಿ ನನಗಂತೂ ಸರಿಬರ್ಲಿಲ್ಲ.

ಮರದ ಹೊಟ್ಟಿನ ವಿಷಯಕ್ಕೆ ನನ್ನದೇ ಒಂದು ಪೆದ್ದುತನ ಹೇಳ್ಬೇಕು. ಶುರುಶುರುಲಿ ಒಂದು ಸಾಮಿಲ್‌ನಲ್ಲಿ ಪುಕ್ಕಟೆ ಸಿಗತ್ತೆ ಅಂತ ಹಸಿ ಮರ ಕುಯ್ದಿದ್ದ ಪುಡಿ ನಾಲ್ಕು ಚೀಲ ತಂದು ಹಂಗೇ ಮರಿಗಳಿಗೆ ಹಾಸ್ಬಿಟ್ಟೆ. ಕೈಗೆ ಸ್ವಲ್ಪ ತಣ್ಣಗಿತ್ತು, ಏನಾಗತ್ತೆ ಬಿಡು ಅಂದ್ಕೊಂಡೆ. ಒಂದು ವಾರಕ್ಕೆ ತಳದಲ್ಲಿ ಬಿಳಿ ಬೂಷ್ಟು, ಮರಿಗಳು ಬಾಯಿ ತೆರ್ಕೊಂಡು ಉಸಿರಾಡ್ತಿವೆ, ಸದ್ದಿಲ್ಲ. ಐವತ್ತರಲ್ಲಿ ಹದಿನೆಂಟು ಹೋದ್ವು. ಕೊಯ್ದು ನೋಡಿದ ಡಾಕ್ಟ್ರು ಶ್ವಾಸಕೋಶದಲ್ಲಿ ಹಳದಿ ಚುಕ್ಕೆ ತೋರ್ಸಿ ಆಸ್ಪರ್‌ಜಿಲೋಸಿಸ್, ಬೂಷ್ಟಿನ ಕಾಯಿಲೆ ಅಂದ್ರು, ಇದಕ್ಕೆ ಔಷಧಿ ಕೊಟ್ಟು ಉಳಿಸೋದು ಆಗದ ಮಾತು ಅಂತನೂ ಅಂದ್ರು. ಅವತ್ತಿಂದ ಯಾವ ಹೊಟ್ಟೇ ತರ್ಲಿ, ಎರಡು ದಿನ ಬಿಸಿಲಿಗೆ ಹರಡದೆ ಒಳಗೆ ಹಾಕಲ್ಲ. ಮಳೆಗಾಲಕ್ಕೆ ಬೇಕಾದ್ದು ಮೇ ತಿಂಗಳಲ್ಲೇ ತಂದು ಒಣಗ್ಸಿ ಅಟ್ಟದ ಮೇಲೆ ಇಟ್ಕೋತೀನಿ, ಸೌದೆ ಇಟ್ಕೊಂಡಂಗೆ. ಈ ವರ್ಷ ನಿಮಗೆ ಅದು ಆಗಲ್ಲ, ಅದಕ್ಕೇ ಮಿಲ್‌ನಿಂದ ತರುವಾಗ ಚೀಲದೊಳಗೆ ಕೈ ಹಾಕಿ ನೋಡಿ ತನ್ನಿ.

ಹೊಟ್ಟು ಹಾಸಿದ ಮೇಲೆ ಅದನ್ನ ದಿನಾ ತೆಗೆದು ಹಾಕೋದಲ್ಲ, ಇಲ್ಲೇ ಎಲ್ಲರೂ ತಪ್ಪು ತಿಳ್ಕೊಳ್ಳೋದು. ಮಲೆನಾಡಲ್ಲಿ ಕೊಟ್ಟಿಗೆಗೆ ಸೊಪ್ಪು, ತರಗೆಲೆ ಹಾಸಿ, ಸಗಣಿ ಗಂಜಲ ಅದರ ಮೇಲೆ ಬಿದ್ದು, ಮತ್ತೆ ಸೊಪ್ಪು ಹಾಸಿ, ಹಂಗೇ ಪದರ ಪದರ ಏರುತ್ತಲ್ಲ, ಅದೇ ಲೆಕ್ಕ. ಇಂಗ್ಲಿಷಲ್ಲಿ ಡೀಪ್ ಲಿಟ್ಟರ್ ಅಂತ ಹೆಸರು ಕೊಟ್ಟು ಪುಸ್ತಕಕ್ಕೆ ಹಾಕಿದಾರೆ ಅಷ್ಟೆ. ಹಿಕ್ಕೆಲಿ ಸಾರಜನಕ ಜಾಸ್ತಿ, ಹೊಟ್ಟು ತರಗೆಲೆಲಿ ಇಂಗಾಲ ಜಾಸ್ತಿ, ಎರಡೂ ಸೇರಿ ಗಾಳಿ ಆಡ್ತಾ ಇದ್ರೆ ನಿಧಾನಕ್ಕೆ ಗೊಬ್ಬರ ಆಗ್ತಾ ಹೋಗತ್ತೆ, ಮಣ್ಣಿನ ವಾಸನೆ ಬರತ್ತೆ ಹೊರತು ನಾತ ಇಲ್ಲ. ಕೆಲಸ ಇರೋದು ಕೆದಕೋದರಲ್ಲಿ. ವಾರಕ್ಕೆ ಎರಡು ಸಲ, ಮಳೆ ಹಿಡಿದಾಗ ದಿನ ಬಿಟ್ಟು ದಿನ, ತಳದ ತನಕ ತಿರುವಿ ಹಾಕ್ಬೇಕು. ಅರ್ಧ ಕೆಲಸ ಕೋಳಿಗಳ ಕೈಲೇ ಮಾಡ್ಸಬಹುದು, ಸಂಜೆ ಒಂದು ಹಿಡಿ ರಾಗಿನೋ ಜೋಳದ ನುಚ್ಚೋ ಹೊಟ್ಟಿನ ಮೇಲೆ ಎರಚಿ, ಹೆಂಗೆ ಕೆದರ್ತವೆ ನೋಡಿ, ಕೂಲಿಯವರು ಅಷ್ಟು ನೀಟಾಗಿ ಮಾಡಲ್ಲ. ತಿರುವಿ ಹಾಕುವಾಗ ಮಾತ್ರ ಸ್ವಲ್ಪ ವಾಸನೆ ಏಳತ್ತೆ, ಮಧ್ಯಾಹ್ನ ಬಿಸಿಲು ಗಾಳಿ ಇರೋ ಹೊತ್ತಲ್ಲಿ ಮಾಡಿ, ಭಾನುವಾರ ಆಂಟಿ ಮನೆಗೆ ನೆಂಟರು ಬಂದಿರೋ ಹೊತ್ತಲ್ಲಿ ಬೇಡ.

ಹೊಟ್ಟು ಸರಿಯಾಗಿದೆಯಾ ಇಲ್ವಾ ಅಂತ ತಿಳಿಯಕ್ಕೆ ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ ಬಿಡಿ. ಉಂಡೆ ಕಟ್ಟಿ ಹಂಗೇ ನಿಂತ್ರೆ ತೇವ ಜಾಸ್ತಿ. ಉಂಡೆ ಆದಂಗೆ ಆಗಿ ಕೈ ಬಿಟ್ಟ ತಕ್ಷಣ ಉದುರಿ ಹೋದ್ರೆ ಸರಿ. ಉಂಡೆನೇ ಆಗದೆ ಧೂಳು ಎದ್ರೆ ಅತಿ ಒಣಗಿದೆ, ಅದು ಬೇಸಿಗೆ ಮಾತು, ಈಗ ತಲೆ ಕೆಡಿಸ್ಕೋಬೇಡಿ. ಎಲ್ಲೋ ಒಂದು ಕಡೆ ಹಪ್ಪಳದಂಗೆ ಗಟ್ಟಿ ಪದರ ಕಟ್ಟಿದ್ರೆ ಅಷ್ಟು ಮಾತ್ರ ಕಿತ್ತು ಹೊರಗೆ ಹಾಕಿ ಹೊಸ ಹೊಟ್ಟು ತುಂಬಿ. ಸಾಮಾನ್ಯವಾಗಿ ಅದು ನೀರಿನ ಡಬ್ಬದ ಸುತ್ತ ಇರತ್ತೆ.

ನೀರಿನ ಡಬ್ಬ ಅಂದೆ ನೋಡಿ, ಮಳೆಗಿಂತ ಜಾಸ್ತಿ ತೇವ ಅಲ್ಲಿಂದ ಬರೋ ಮನೆಗಳೂ ಇವೆ. ಅಗಲ ಬೇಸಿನ್‌ನಲ್ಲಿ ನೀರಿಟ್ರೆ ಕೋಳಿ ಅದರೊಳಗೆ ಕಾಲಿಡತ್ತೆ, ಹುಂಜ ಅಂಚಿನ ಮೇಲೆ ಕೂತು ಮಗುಚತ್ತೆ. ಕೋಳಿಗೆ ನೀರಿಡೋ ಪ್ಲಾಸ್ಟಿಕ್ ಡ್ರಿಂಕರ್ ತಗೊಂಡು ಎರಡು ಇಟ್ಟಿಗೆ ಮೇಲಿಡಿ, ಕೋಳಿ ಬೆನ್ನಿನ ಎತ್ತರಕ್ಕೆ ನೀರಿನ ಅಂಚು ಬರ್ಬೇಕು. ಇನ್ನೂ ಒಳ್ಳೇದು ಬಕೆಟ್ಟಿಗೆ ಕೊಕ್ಕಲ್ಲಿ ತಟ್ಟಿದ್ರೆ ಹನಿ ಬಿಡೋ ನಿಪ್ಪಲ್ ಹಾಕೋದು, ಒಂದು ನಿಪ್ಪಲ್ ಬೆಲೆ ಒಂದು ಕಾಫಿ ತಿಂಡಿ ದುಡ್ಡು ಆಗಲ್ಲ, ಕಲಿಯಕ್ಕೆ ಎರಡು ಮೂರು ದಿನ ತಗೋತವೆ. ಒಂದು ಕೋಳಿಗೆ ದಿನಕ್ಕೆ ಕಾಲು ಲೀಟರ್ ಹತ್ತಿರ ನೀರು ಬೇಕು, ಬೇಸಿಗೆಲಿ ಅದಕ್ಕಿಂತ ಜಾಸ್ತಿ, ಹಂಗಾಗಿ ಚೆಲ್ಲಬಾರದು ಅಂತ ನೀರು ಕಮ್ಮಿ ಇಡೋ ಬುದ್ಧಿವಂತಿಕೆ ಬೇಡ. ಸಾಧ್ಯ ಆದ್ರೆ ನೀರನ್ನ ಸಿಮೆಂಟ್ ಗೂಡಿನ ಒಳಗೆ ಇಡಲೇ ಬೇಡಿ, ಹೊರಗೆ ಜಲ್ಲಿ ಹಾಕಿದ ಮೂಲೆಲಿ ಇಡಿ. ರಾತ್ರಿ ಕತ್ತಲಲ್ಲಿ ಅವು ಹೇಗಿದ್ರೂ ಕುಡಿಯಲ್ಲ.

ರಾತ್ರಿ ಅಂದ್ರೆ ಇನ್ನೊಂದು ವಿಷಯ. ಹತ್ತಿರ ಹತ್ತಿರ ಅರ್ಧ ಹಿಕ್ಕೆ ಬೀಳೋದು ಅವು ಕೂತು ಮಲಗೋ ಜಾಗದ ಕೆಳಗೆ. ಹಂಗಾಗಿ ಕೂರಕ್ಕೆ ಒಂದು ಅಡ್ಡ ಕೋಲು ಕಟ್ಟಿ, ಗಿರಿರಾಜ ಭಾರದ ಕೋಳಿ, ಒಂದೂವರೆ ಎರಡಡಿ ಎತ್ತರ ಸಾಕು, ಅದಕ್ಕಿಂತ ಮೇಲೆ ಕಟ್ಟಿದ್ರೆ ಹಾರಿ ಇಳಿಯುವಾಗ ಕಾಲು ನೋವು ಮಾಡ್ಕೋತವೆ. ಕೋಲಿನ ಕೆಳಗೆ ಒಂದು ಹಲಗೆನೋ ಹಳೇ ತಗಡೋ ಇಟ್ಟು ಮೇಲೆ ಸ್ವಲ್ಪ ಹೊಟ್ಟು ಉದುರಿಸಿ. ಬೆಳಿಗ್ಗೆ ಪೈಪ್ ಹಿಡಿಯೋ ಹೊತ್ತಲ್ಲಿ ಅದನ್ನ ಕೆರೆದು ಬಕೆಟ್ಟಿಗೆ ಹಾಕಿ, ಎರಡು ನಿಮಿಷದ ಕೆಲಸ. ಇದೊಂದು ಮಾಡಿದ್ರೆ ಹೊಟ್ಟಿನ ಮೇಲೆ ಬೀಳೋ ಭಾರ ಅರ್ಧ ಇಳಿದಂಗೆ. ನಾನು ಮಾಡೋ ಎಲ್ಲಾ ಕೆಲಸದಲ್ಲಿ ಕಮ್ಮಿ ಕಷ್ಟಕ್ಕೆ ಜಾಸ್ತಿ ಫಲ ಕೊಟ್ಟಿದ್ದು ಇದೇ.

ಮಣ್ಣಿನ ಭಾಗಕ್ಕೆ ಸ್ವಲ್ಪ ಬೆವರು ಹರಿಸ್ಬೇಕು. ಮೇಲಿನ ಎರಡು ಮೂರಿಂಚು ಕಪ್ಪು ಕೆಸರನ್ನ ಎತ್ತಿ ಗೊಬ್ಬರದ ಗುಂಡಿಗೆ ಹಾಕಿ, ತೆಂಗಿನ ಬುಡಕ್ಕೆ ಆಮೇಲೆ ಬರತ್ತೆ. ಹಿತ್ತಲಲ್ಲಿ ನೀರು ಯಾವ ಕಡೆ ಹರಿಯತ್ತೆ ನೋಡಿ ಒಂದು ಸಣ್ಣ ಕಾಲುವೆ ತೆಗೀರಿ, ಮಾಡಿನ ನೀರು ಒಳಗೆ ಬೀಳದಂಗೆ. ಆಮೇಲೆ ದಪ್ಪ ಮರಳೋ ಸಣ್ಣ ಜಲ್ಲಿನೋ ಒಂದು ಪದರ, ಅದರ ಮೇಲೆ ಒಣ ತರಗೆಲೆ, ತೆಂಗಿನ ಸಿಪ್ಪೆ ಚೂರು, ರಾಗಿ ಹುಲ್ಲು ಏನ್ ಸಿಗತ್ತೋ ಅದು, ಅರ್ಧ ಅಡಿ ತುಂಬಿದ್ರೂ ತಪ್ಪಿಲ್ಲ. ಲೇಔಟ್ ರಸ್ತೇಲಿ ಹೊಂಗೆ, ಮಳೆಮರದ ಎಲೆ ಗುಡ್ಸಿ ಬೆಂಕಿ ಹಾಕ್ತಿರ್ತಾರಲ್ಲ, ಎರಡು ಚೀಲ ಕೇಳಿ ತನ್ನಿ, ಖುಷಿಯಾಗಿ ಕೊಡ್ತಾರೆ. ಮಳೆಲಿ ನೆನೆದ್ರೂ ತರಗೆಲೆ ಮೇಲೆ ಓಡಾಡೋ ಕೋಳಿ ಕಾಲಿಗೆ ಕೆಸರು ಹತ್ತಲ್ಲ, ಕಾಲು ಒಣಗಿದ್ರೆ ಗೂಡು ಒಣಗಿರತ್ತೆ, ಮೊಟ್ಟೆನೂ ಕ್ಲೀನು.

ಟಾರ್ಪಾಲ್ ಪೂರ್ತಿ ಬಿಚ್ಚಿ ಅಂತ ಹೇಳ್ತಿಲ್ಲ. ಪಶ್ಚಿಮ ಮತ್ತೆ ದಕ್ಷಿಣ ಕಡೆ ಎರಚಲು ಬರತ್ತೆ, ಅಲ್ಲಿ ಕೆಳಗಿಂದ ಎರಡು ಮೂರು ಅಡಿ ಮಾತ್ರ ಕಟ್ಟಿ, ಮೇಲೆ ಮಾಡಿನ ಕೆಳಗೆ ಒಂದಡಿಯಾದ್ರೂ ಮೆಶ್ ಖಾಲಿ ಬಿಡಿ. ಉಳಿದ ಎರಡು ಕಡೆ ತೆಗೆದ್ಬಿಡಿ. ಎರಚಲು ಜಾಸ್ತಿ ಅಂದ್ರೆ ಟಾರ್ಪಾಲನ್ನ ಗೋಡೆ ತರ ಕಟ್ಟೋ ಬದಲು ಮಾಡನ್ನ ಮುಂದಕ್ಕೆ ಎಳೀರಿ, ಶೀಟಿನ ಅಂಚು ಮೂರಡಿ ಹೊರಗೆ ಚಾಚಿದ್ರೆ ಸುಮಾರು ಮಳೆ ಅಲ್ಲೇ ನಿಲ್ಲತ್ತೆ. ಕೋಳಿಗೆ ಚಳಿಯಾಗಲ್ವಾ ಅಂತ ಕೇಳ್ತೀರಿ ಅಂತ ಗೊತ್ತು. ಪುಕ್ಕ ಬಂದ ಕೋಳಿಗೆ ಮೈಸೂರಿನ ಚಳಿ ಚಳಿಯೇ ಅಲ್ಲ, ಒದ್ದೆ ಮೈಗೆ ನೇರ ಗಾಳಿ ಹೊಡೀಬಾರದು ಅಷ್ಟೆ. ತಲೆ ಮೇಲೆ ಗಾಳಿ ಆಡ್ಲಿ.

ಊಟದ ಕಡೆಯಿಂದಲೂ ನಾತ ಬರತ್ತೆ, ಇದನ್ನ ಯಾರೂ ಯೋಚನೆ ಮಾಡಲ್ಲ. ದೊಡ್ಡ ಕೋಳಿಗೆ ಬೇಗ ತೂಕ ಬರ್ಲಿ ಅಂತ ಬ್ರಾಯ್ಲರ್ ಸ್ಟಾರ್ಟರ್ ಹಾಕ್ತಿದ್ರೆ ನಿಲ್ಸಿ, ಅದರಲ್ಲಿ ಪ್ರೋಟೀನ್ 22 ಪರ್ಸೆಂಟ್ ಆಸುಪಾಸು, ಮೊಟ್ಟೆ ಕೋಳಿಗೆ 16ರಿಂದ 18 ಸಾಕು. ಮೈಗೆ ಹತ್ತದ ಪ್ರೋಟೀನ್ ಎಲ್ಲಾ ಆ ಬಿಳಿ ಟೋಪಿಯಾಗಿ ಹೊರಗೆ ಬಂದು ಅಮೋನಿಯಾ ಆಗತ್ತೆ, ದುಡ್ಡು ಕೊಟ್ಟು ನಾತ ಕೊಂಡಂಗೆ. ಉಳಿದ ಸಾಂಬಾರು, ಉಪ್ಪಿನಕಾಯಿ ಕಲಸಿದ ಅನ್ನ, ಒಣಮೀನಿನ ತಲೆ ಹಾಕಿದ್ರೆ ಉಪ್ಪಿಗೆ ನೀರು ಜಾಸ್ತಿ ಕುಡಿದು ನೀರ್ನೀರಾಗಿ ಹಿಕ್ಕೆ ಹಾಕ್ತವೆ. ಅಡುಗೆಮನೆ ತರಕಾರಿ ಸಿಪ್ಪೆ ಕೊಡಿ, ತೊಂದ್ರೆ ಇಲ್ಲ, ಆದ್ರೆ ಅರ್ಧ ಗಂಟೇಲಿ ಖಾಲಿ ಮಾಡೋಷ್ಟೇ, ಉಳಿದದ್ದು ಎತ್ತಿಬಿಡಿ. ಹೊಟ್ಟಿನೊಳಗೆ ಹೂತು ಹೋದ ಅನ್ನ ಮೂರನೇ ದಿನಕ್ಕೆ ಕೊಡೋ ವಾಸನೆ ಇದೆಯಲ್ಲ, ಅದಕ್ಕೆ ಕೋಳಿ ಮೇಲೆ ಬೈಯೋದು ಅನ್ಯಾಯ.

ಹಂಗೇ ವಾಸನೆ ಯಾವುದು ಅಂತ ಗುರುತು ಹಿಡಿಯೋದು ಕಲೀರಿ. ಕಣ್ಣು ಮೂಗು ಚುರ್ ಅನ್ನೋ ಘಾಟು ಅಮೋನಿಯಾ, ಹೊಟ್ಟು ಒದ್ದೆ ಅಂತ ಅರ್ಥ. ಕೊಳೆತ ಮೊಟ್ಟೆ, ಚರಂಡಿ ವಾಸನೆ ಅಂದ್ರೆ ಎಲ್ಲೋ ನೀರು ನಿಂತಿದೆ, ಗಾಳಿ ಆಡ್ತಿಲ್ಲ. ಹುಳಿ ವಾಸನೆ ಮೇವಿನದು. ಇದ್ದಕ್ಕಿದ್ದಂಗೆ ಸತ್ತ ವಾಸನೆ ಬಂದ್ರೆ ಇಲಿನೋ, ಮೂಲೇಲಿ ಕೋಳಿ ಕದ್ದು ಇಟ್ಟು ಒಡೆದ ಮೊಟ್ಟೆನೋ ಹುಡುಕಿ. ಇನ್ನು ಎಂಟು ಹತ್ತು ಹಿಕ್ಕೆಗೆ ಒಂದು ಸಲ ಕಂದು ಬಣ್ಣದ್ದು, ಅಂಟಂಟಾಗಿ ಭಯಂಕರ ನಾರೋದು ಬೀಳತ್ತೆ, ಅದು ಕರುಳಿನ ಇನ್ನೊಂದು ಭಾಗದಿಂದ ಬರೋದು, ರೋಗ ಅಲ್ಲ, ಹೆದರಬೇಡಿ. ಹೆದರಬೇಕಾದ್ದು ಎರಡಕ್ಕೆ. ಒಂದು, ಹಿಕ್ಕೆಲಿ ರಕ್ತ, ಮರಿ ಕೋಳಿಗಳಲ್ಲಿ ಹೆಚ್ಚು, ಅದು ಕಾಕ್ಸಿಡಿಯೋಸಿಸ್, ಒದ್ದೆ ಹೊಟ್ಟಲ್ಲೇ ಹುಟ್ಟಿ ಬೆಳೆಯೋ ಕಾಯಿಲೆ, ಅದರ ತತ್ತಿ ಬೆಚ್ಚಗೆ ಒದ್ದೆ ಇದ್ರೆ ಎರಡೇ ದಿನದಲ್ಲಿ ರೋಗ ಹಚ್ಚಕ್ಕೆ ತಯಾರು. ಎರಡು, ಹಸಿರು ನೀರು ಹಿಕ್ಕೆ ಜೊತೆ ಕತ್ತು ತಿರುಚೋದು, ಮಂಕಾಗಿ ಕೂರೋದು, ಅದು ರಾಣಿಕೇತ ಅನ್ನೋ ಅಂಟುರೋಗ ಇರಬಹುದು. ಎರಡಕ್ಕೂ ಮನೆಮದ್ದು ಅಂತ ಕೂರಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಒಂದೇ ಸಲ ನಾಲ್ಕೈದು ಕೋಳಿ ಸತ್ರೆ ಮುಟ್ಟದೆ, ತಿನ್ನದೆ, ಮೊದಲು ಅವರಿಗೆ ಫೋನ್ ಮಾಡಿ.

ನೊಣದ ಬಗ್ಗೆ ನೀವು ಕೇಳಿಲ್ಲ, ಆದ್ರೆ ಇದ್ದೇ ಇರ್ತವೆ, ಆಂಟಿ ಸಿಟ್ಟಿನಲ್ಲಿ ಅರ್ಧ ಪಾಲು ಅದರದ್ದೇ ಇರ್ಬೇಕು. ಬೆಚ್ಚಗಿನ ದಿನಗಳಲ್ಲಿ ಮನೆನೊಣ ಮೊಟ್ಟೆಯಿಂದ ನೊಣ ಆಗಕ್ಕೆ ಏಳರಿಂದ ಹತ್ತು ದಿನ. ಅಂದ್ರೆ ಒದ್ದೆ ಹಿಕ್ಕೆ ಒಂದು ವಾರ ಒಂದೇ ಕಡೆ ಇದ್ರೆ ನೀವೇ ನೊಣ ಸಾಕ್ದಂಗೆ. ಒಣಗಿದ ಹಿಕ್ಕೆಲಿ ಹುಳ ಬದುಕಲ್ಲ. ಬಕೆಟ್ಟಲ್ಲಿ ಕೂಡಿಟ್ಟಿರೋದನ್ನ ಮುಚ್ಚಿಡಿ, ಎರಡು ಮೂರು ದಿನಕ್ಕೊಂದ್ಸಲ ಗುಂಡಿಗೆ ಹಾಕಿ. ಹುಳ ಬಿದ್ದೇ ಬಿಟ್ಟಿದ್ರೆ ಸ್ಪ್ರೇ ಹೊಡೀಬೇಡಿ, ಅಲ್ಲಿ ಕೆದಕಿ ಬಿಟ್ರೆ ಕೋಳಿಗಳೇ ಹಬ್ಬ ಮಾಡ್ತವೆ.

ಗುಂಡಿ ವಿಷಯ. ಒಂದು ಪಾಲು ಹಿಕ್ಕೆಗೆ ಎರಡು ಮೂರು ಪಾಲು ಒಣ ಎಲೆ, ಪ್ರತಿ ಸಲ ಹಾಕಿದಾಗ ಮೇಲೆ ಎಲೆ ಮುಚ್ಚಿ, ಮಳೆ ಬೀಳದಂಗೆ ಒಂದು ಶೀಟು. ನಿಮ್ಮ ಟಾರ್ಪಾಲ್‌ಗೆ ಸರಿಯಾದ ಜಾಗ ಅದು. ವಾರಕ್ಕೊಂದ್ಸಲ ತಿರುವಿದ್ರೆ ಒಳಗೆ ಕೈ ಇಡಕ್ಕಾಗದಷ್ಟು ಬಿಸಿ ಏಳತ್ತೆ, ಎರಡು ತಿಂಗಳಿಗೆ ಕರೀ ಗೊಬ್ಬರ. ಹಸಿ ಕೋಳಿ ಗೊಬ್ಬರ ಗಿಡಕ್ಕೆ ಹಾಕಿದ್ರೆ ಬೇರು ಸುಡತ್ತೆ, ಸೊಪ್ಪಿನ ಮಡಿಗಂತೂ ಹಾಕ್ಲೇಬೇಡಿ, ಹಸಿಯಾಗಿ ತಿನ್ನೋದು ಅದು. ಒಂದು ಚೀಲ ಕಳಿತ ಗೊಬ್ಬರ ಮತ್ತೆ ಅರ್ಧ ಡಜನ್ ನಾಟಿ ಮೊಟ್ಟೆ ಪೂರ್ವದ ಕಡೆ ಮನೆಗೆ ಹೋದ್ರೆ ಏನಾಗತ್ತೆ ಅಂತ ನಾನು ಹೇಳಲ್ಲ, ನೀವೇ ನೋಡಿ. ನಾತ ಕಮ್ಮಿ ಆದ ಮೇಲೆ ಕೊಡಿ ಮತ್ತೆ, ಮೊದಲೇ ಕೊಟ್ರೆ ಲಂಚ ಅನ್ಕೋತಾರೆ.

ತುರ್ತಿಗೆ ಏನಾದ್ರೂ ಇದೆಯಾ ಅಂದ್ರೆ, ಇದೆ. ಗೊಬ್ಬರದ ಅಂಗಡೀಲಿ ಸಿಂಗಲ್ ಸೂಪರ್ ಫಾಸ್ಫೇಟ್ ಸಿಗತ್ತೆ, ಅದು ಹುಳಿ ಸ್ವಭಾವದ್ದು, ಅಮೋನಿಯಾನ ಹಿಡಿದು ಕೂರಿಸತ್ತೆ. ಸುಣ್ಣಕ್ಕೆ ಪೂರಾ ಉಲ್ಟಾ. 100 ಚದರಡಿಗೆ ಸುಮಾರು ಒಂದು ಕೆಜಿ ಲೆಕ್ಕ, ನಿಮ್ಮ ಗೂಡಿಗೆ ಕಾಲು ಕೆಜಿ ಸಾಕು, ಕೋಳಿಗಳನ್ನ ಹೊರಗೆ ಬಿಟ್ಟು ಉದುರಿಸಿ ಹೊಟ್ಟಿಗೆ ಚೆನ್ನಾಗಿ ಬೆರೆಸಿ, ಮೇಲೆ ಹರಳು ಹರಳಾಗಿ ಕಾಣೋ ಹಂಗೆ ಬಿಡಬೇಡಿ, ಹೆಕ್ಕಿ ತಿಂತವೆ. ಗೊಬ್ಬರದ ಗುಣನೂ ಏರತ್ತೆ. ಆದ್ರೆ ಇದು ಜ್ವರಕ್ಕೆ ಮಾತ್ರೆ ಇದ್ದಂಗೆ, ತೇವ ನಿಲ್ಲಿಸದೆ ಇದನ್ನೇ ಹಾಕ್ತಾ ಹೋದ್ರೆ ಪ್ರಯೋಜನ ಇಲ್ಲ. ಬಾಟಲ್‌ನಲ್ಲಿ ಬರೋ ತರತರದ ಸೂಕ್ಷ್ಮಾಣು ದ್ರಾವಣಗಳನ್ನ ಈಗ ಕೊಳ್ಳಬೇಡಿ, ಒದ್ದೆ ನೆಲಕ್ಕೆ ಇನ್ನಷ್ಟು ನೀರು ಸಿಂಪಡಿಸಿದಂಗೆ ಆಗತ್ತೆ.

ಬೂದಿ ಮನೇಲಿ ಇದ್ರೆ ಎಸೀಬೇಡಿ, ಮಳೆ ಬೀಳದ ಒಂದು ಮೂಲೇಲಿ ಹಳೇ ಟೈರ್ ಇಟ್ಟು ಅದರೊಳಗೆ ಒಣ ಮಣ್ಣು, ಮರಳು, ಬೂದಿ ಬೆರೆಸಿ ಹಾಕಿ, ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಉದುರಿಸ್ಕೋತವೆ. ಕಾವಿಗೆ ಕೂತ ಕೋಳಿಯ ಮಂಕರಿಗೆ ನಮ್ಮಜ್ಜಿ ಲಕ್ಕಿ ಸೊಪ್ಪು ಹಾಕ್ತಿದ್ರು, ನಾನು ಈಗ್ಲೂ ಹಾಕ್ತೀನಿ. ಕೆದಕೋ ಕೆಲಸ ಮಾಡುವಾಗ ಮೂಗಿಗೆ ಒಂದು ಬಟ್ಟೆ ಕಟ್ಕೊಳ್ಳಿ, ಆ ಚಪ್ಪಲಿ ಮನೆಯೊಳಗೆ ಬರೋದು ಬೇಡ, ಮಕ್ಕಳಿಗೆ ಮೊಟ್ಟೆ ಎತ್ಕೊಂಡು ಬಂದ ಮೇಲೆ ಸೋಪಲ್ಲಿ ಕೈ ತೊಳೆಯೋ ಅಭ್ಯಾಸ ಮಾಡ್ಸಿ.

ಕೊನೇಗೆ ನಿಮ್ಮತ್ತೆ ಮಾತು. ಎಲ್ಲಾ ಮಾರೋದು ಬೇಡ, ಆದ್ರೆ ಅವರು ಪೂರ್ತಿ ತಪ್ಪು ಅಂತನೂ ನಾನು ಹೇಳಲ್ಲ. 80 ಚದರಡಿಗೆ 14 ಕೋಳಿ ಅಂದ್ರೆ ಒಂದಕ್ಕೆ ಆರು ಚದರಡಿನೂ ಪೂರ್ತಿ ಬರಲ್ಲ, ಹೊರಗೆ ಬಿಡದೆ ಸಾಕೋದಾದ್ರೆ ಎಂಟರಿಂದ ಹತ್ತು ಚದರಡಿ ಇರ್ಬೇಕು. ಅದರಲ್ಲೂ 9 ಗಿರಿರಾಜ. 1989ರಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಿಂದ ಬಂದ ತಳಿ ಅದು, ಹಿತ್ತಲಿಗೆ ಅಂತಲೇ ಮಾಡಿದ್ದು, ಒಳ್ಳೇ ಕೋಳಿ, ಆದ್ರೆ ಹಿತ್ತಲು ಅಂದ್ರೆ ಅವರ ಮನಸ್ಸಲ್ಲಿ ಇದ್ದದ್ದು ಹಳ್ಳಿ ಹಿತ್ತಲು, 30 40 ಸೈಟಿನ ಹಿಂಭಾಗ ಅಲ್ಲ. ನಾಟಿಗಿಂತ ಭಾರ, ಜಾಸ್ತಿ ತಿನ್ನತ್ತೆ, ಜಾಸ್ತಿ ಹಾಕತ್ತೆ. ಮುಂದಿನ ಸಲ ಮರಿ ತರುವಾಗ ಸ್ವರ್ಣಧಾರನೋ ನಾಟಿನೋ ನೋಡಿ, ಮೈ ಸ್ವಲ್ಪ ಹಗುರ, ಮೊಟ್ಟೆ ಲೆಕ್ಕಕ್ಕೆ ಸ್ವರ್ಣಧಾರ ಗಿರಿರಾಜಕ್ಕಿಂತ ಮೇಲೂ ಹೌದು. ಈಗ ಸದ್ಯಕ್ಕೆ ಮೂರು ಹುಂಜದಲ್ಲಿ ಎರಡನ್ನ ಮಾರಿ, ಮೊಟ್ಟೆಗೆ ಹುಂಜ ಬೇಕಾಗೇ ಇಲ್ಲ, ಮರಿ ಮಾಡ್ಸೋದಾದ್ರೆ ಒಂದು ಸಾಕು, ಬೆಳಗಿನ ಜಾವದ ಗಲಾಟೆನೂ ಕಮ್ಮಿ ಆಗತ್ತೆ. ವಯಸ್ಸಾಗಿ ಮೊಟ್ಟೆ ನಿಲ್ಸಿರೋ ಹೇಟೆ ಒಂದೆರಡು ಇದ್ರೆ ಅವೂ ಹೋಗ್ಲಿ. ಹತ್ತಕ್ಕೆ ಇಳಿಸಿದ್ರೆ ಜಾಗ ಸರಿಹೋಗತ್ತೆ.

ಹೊಟ್ಟು ಹಾಸಿ ಮೂರು ವಾರ ನೋಡಿ. ಮೊದಲ ವಾರ ಹಳೇ ಮಣ್ಣಿನ ನಾತ ಸ್ವಲ್ಪ ಇದ್ದೇ ಇರತ್ತೆ, ಗಾಬರಿಯಾಗಿ ಮತ್ತೆ ಪೈಪ್ ತೆಗೀಬೇಡಿ. ಮೂರು ವಾರ ಆದ್ಮೇಲೂ ಕಣ್ಣು ಉರಿ ಇದ್ರೆ ಗೂಡಿನ ಫೋಟೋ ಕಳ್ಸಿ, ಮಾಡಿನ ಅಂಚು, ನೀರಿನ ಡಬ್ಬ ಎರಡೂ ಕಾಣೋ ಹಂಗೆ. ಟಾರ್ಪಾಲ್ ನೆಲದ ತನಕ ಇಳಿಬಿಟ್ಟಿರೋ ಫೋಟೋ ಬಂದ್ರೆ ಮಾತ್ರ ನಾನು ಉತ್ತರ ಬರಿಯಲ್ಲ.